ಕುಲುಮೆಗೆ ಕುಂಕುಮ

ಕೆ.ಆರ್. ಪುರ, ಬೆಂಗಳೂರು

ವಿಮಲಕ್ಕಾ, ಶರಣು.

ನಾವಿಬ್ಬರೂ ಶೇರು ಕೊಂಡ ಸೋಲಾರ್ ಸಿಲಿಕಾನ್ ಕಂಪನಿಯನ್ನು ಕಣ್ಣಾರೆ ನೋಡಿ ಬಂದೆ. ಇವರ ಮುಂದೆ ನಿನ್ನ ಮಡಿ ಏನೇನೂ ಅಲ್ಲ. ಚಪ್ಪಲಿ ಬಿಡಿಸಿ, ಗೌನು ತೊಡಿಸಿ, ಮೀಸೆಗೂ ಮುಸುಕು ಹಾಕಿಸಿದರು. ಧೂಳಿನ ಒಂದು ಕಣ ಬಿದ್ದರೂ ಸಿಲಿಕಾನ್ ಕೆಡುತ್ತದಂತೆ. ಒಳಗೆ ಹೋದರೆ ಕುಲುಮೆ ತಣ್ಣಗೆ ಕೂತಿತ್ತು, ಬಾಯಿಯ ಸುತ್ತ ಅರಿಶಿನ ಕುಂಕುಮ. ಪೂಜೆಯ ನಂತರ ಕರಗಿಸಿದ್ದೆಲ್ಲ ಕೆಟ್ಟಿತಂತೆ.

"ಆಯುಧಪೂಜೆ ಬಿಡಕ್ಕಾಗತ್ತಾ ಸರ್? ಗೌನ್ ಹಾಕ್ಕೊಂಡೇ ಹಚ್ಚಿದ್ದು," ಎಂದರು ಮ್ಯಾನೇಜರು.

ಹೊರಗಿನ ಧೂಳಿಗೆ ನನಗೆ ಕೆಮ್ಮು ಹತ್ತಿದೆ, ಮಾತ್ರೆ ನುಂಗಿದ್ದೇನೆ. ಕಾರ್ಡಿನಲ್ಲಿ ಜಾಗ ಮುಗಿಯಿತು. ದೇವರ ಜಗಲಿಯ ಮೇಲಿಟ್ಟ ಶೇರು ಪತ್ರಕ್ಕೆ ದಿನವೂ ಕುಂಕುಮ ಹಚ್ಚುತ್ತೀಯಲ್ಲ, ಇನ್ನು ಬೇಡ. ಆ ಕೆಲಸ ಕಂಪನಿಯವರೇ ಮಾಡಿ ಮುಗಿಸಿದ್ದಾರೆ.

ನಿನ್ನ ತಮ್ಮ,
ಸಂಗನಬಸಪ್ಪ