ಇನ್ನೊಬ್ಬ ತಮ್ಮ ನನಗೆ ಬೇಡ

ಸಾಂಬ್ರಾಣಿ, ಹಳಿಯಾಳ ತಾಲೂಕು
೧೭ ನವೆಂಬರ್ ೨೦೨೫, ಸೋಮವಾರ

ಪ್ರೀತಿಯ ತಮ್ಮ ಅಜಯಾ,

ಶಿವಸಾಕ್ಷಿಯಾಗಿ ಒಂದು ತಪ್ಪೊಪ್ಪಿಗೆ: ಇಪ್ಪತ್ತೆಂಟು ವರ್ಷ ಕಾಲೇಜಿನಲ್ಲಿ ಇತಿಹಾಸ ಕಲಿಸಿದ ನಾನು, ನಿನ್ನ ಪತ್ರವನ್ನು ಅವ್ವನಿಗೆ ಓದಿ ಹೇಳುವಾಗ ಒಂದು ಪ್ಯಾರಾ ನುಂಗಿದ್ದೇನೆ. ಅಜೀರ್ಣವಾಗಿದೆ. ಅದಿರಲಿ, ಫೋನೂ ಹತ್ತದ ಆ ಗಡಿಯ ಥಂಡಿಯಲ್ಲಿ ನಿನ್ನ ಕೆಮ್ಮು ಹೇಗಿದೆ? ಅವ್ವ ಆರಾಮ ಇದ್ದಾಳೆ.

ನುಂಗಿದ್ದು ಆ 'ಮಿತ'ದ ಪ್ಯಾರಾ. ಹೋದ ವರ್ಷದ ಜಂಟಿ ತರಬೇತಿಯಲ್ಲಿ ನೇಪಾಳ ಸೇನೆಯ ಹವಾಲ್ದಾರ ಡಂಬರ ಬಹಾದ್ದೂರನ ಜೊತೆ ತಿಂಗಳು ಒಂದೇ ತಾಟಿನಲ್ಲಿ ಉಂಡೆಯಂತೆ. ಈಗ ಅವರ ಪದ್ಧತಿಯಂತೆ ಪೂಜೆ ಮಾಡಿ ಅವನನ್ನು ಮಿತ, ಅಂದರೆ ಜೀವಮಾನದ ಒಡಹುಟ್ಟು ಮಾಡಿಕೊಳ್ಳುತ್ತೀಯಂತೆ. ಅದಕ್ಕೆ ಮನೆಯ ಹಿರಿಯಣ್ಣನ ಒಪ್ಪಿಗೆ ಬೇಕಂತೆ. ಮಿತಕ್ಕೂ ಒಂದು ಮಿತಿ ಬೇಡವೇನೋ? ಬಿಳಿಯರು ಬಿಟ್ಟುಹೋದ ಅದೇ ಬ್ಯಾಗ್‌ಪೈಪ್ ಎಂಬ ಚೀಲದ ವಾದ್ಯವನ್ನು ಎರಡೂ ಸೇನೆಯವರು ಊದುತ್ತೀರಿ, ಅದಕ್ಕೆ ಪರಂಪರೆ ಎಂಬ ಹೆಸರು. ಇಲ್ಲಿಯ ಸೇನಾ ಮುಖ್ಯಸ್ಥ ಅಲ್ಲಿ ಗೌರವ ಜನರಲ್, ಅಲ್ಲಿಯವ ಇಲ್ಲಿ. ನಾನೂ ಮುಂಡಗೋಡದ ಮಾವನ ಮನೆಯಲ್ಲಿ ಗೌರವ ಯಜಮಾನನೇ. ಚಹಾಕ್ಕೆ ಎರಡು ಸಲ ಕೇಳಬೇಕು. ಬ್ರಿಟಿಷರ ಯುದ್ಧಗಳಲ್ಲಿ ಎರಡೂ ನಾಡಿನವರು ಪಕ್ಕಪಕ್ಕದಲ್ಲಿ ನಿಂತು ಸತ್ತರೆಂಬುದು ಇತಿಹಾಸ. ಸತ್ತದ್ದು ಯಾರದೋ ರಾಣಿಗಾಗಿ ಎಂಬುದು ಅಡಿಟಿಪ್ಪಣಿ. ನಾನು ಅಡಿಟಿಪ್ಪಣಿ ಓದುವವನು.

ಬೆಳಗಾವಿಗೆ ಕಮಾಂಡೋ ತರಬೇತಿಗೆ ಬಂದಿರುವ ಆ ಪ್ರಾಣಿ, ನೀನು ವಿಳಾಸ ಕೊಟ್ಟದ್ದಕ್ಕೆ, ನಿನ್ನೆ ಮನೆಗೇ ಬಂದ. ಹೆಸರು ಡಂಬರ, ಆಡಂಬರವೇನಿಲ್ಲ; ಹಿಂದಿ ಮಾತ್ರ ಡಾಂಬರು ಕಾಣದ ರಸ್ತೆ, ನಾಲ್ಕು ಶಬ್ದಕ್ಕೊಂದು ತಗ್ಗು. ಅವ್ವ ನಾಲ್ಕು ರೊಟ್ಟಿ ತಿನ್ನಿಸಿ, "ಹುಡುಗಗ ನಾಚಿಕಿ ಭಾಳ ಐತಿ, ಇನ್ನೊಂದು ಹಾಕ್ರಿ" ಎಂದಳು. ನಾನು ಕರಗಲಿಲ್ಲ. ಹಿಮಾಲಯದವನಿಗೆ ನಮ್ಮ ಕಾಡು ಗೊತ್ತಾಗಲಿ ಎಂದು ಕೋಗಿಲಬನದ ಆಚೆಯ ಗುಡ್ಡ ಹತ್ತಿಸಿದೆ. ತುದಿಯವರೆಗೂ ನಾನೇ ಮುಂದೆ, ಕಮಾಂಡೋ ಹಿಂದೆ. ಎರಡು ಸೇನೆಗಳ ಯೋಗ್ಯತೆ ನನ್ನ ಚಪ್ಪಲಿಗೂ ತಿಳಿಯಿತು.

ಆದ್ದರಿಂದ ತೀರ್ಪು: ಒಪ್ಪಿಗೆ ಇಲ್ಲ. ಇರುವ ಒಬ್ಬ ತಮ್ಮನೇ ಸಾಕುಬೇಕಾಗಿದ್ದಾನೆ.

ಕಿವಿ ಮುಚ್ಚುವಂತೆ ಟೊಪ್ಪಿಗೆ ಹಾಕಿಕೋ. ನೀನು ಗಡಿ ಕಾಯಿ, ಶಿವ ನಿನ್ನನ್ನು ಕಾಯಲಿ.

ನಿನ್ನ ಅಣ್ಣ,
ಶೇಖಪ್ಪ

ತಾ.ಕ.: ಅಂಚೆಯವ ಹೊರಟು ನಿಂತಿದ್ದಾನೆ. ಗುಡ್ಡ ಇಳಿದ ಸಂಗತಿ ಬರೆಯಲಿಲ್ಲ. ತುದಿಯಲ್ಲಿ ಕೂತ ನನಗೆ ತೊಡೆ ಹಿಡಿದು ಏಳಲಾಗಲಿಲ್ಲ. ಡಂಬರ ನನ್ನ ಶಾಲನ್ನೇ ಹಣೆಪಟ್ಟಿ ಮಾಡಿ, ಅವರ ಬೆಟ್ಟದ ಹಮಾಲರಂತೆ, ನನ್ನನ್ನು ಬೆನ್ನಿಗೆ ಬಿಗಿದು ಇಳಿಸಿದ. ಕೋಗಿಲಬನದ ಓಣಿಯಲ್ಲಿ ಹಾಲು ಮಾರುವ ಕೆಂಚವ್ವ, "ಏನಪಾ, ನಮ್ಮ ಸರ್‌ನ ಯಾವ ಸಂತ್ಯಾಗ ತಂದಿ?" ಎಂದು ಕೇಳಿದಳು. ಓಣಿಯೆಲ್ಲ ನಕ್ಕಿತು. ಅವನೊಬ್ಬ ನಗಲಿಲ್ಲ. "ದಾಜು, ಗಟ್ಟಿಯಾಗಿ ಹಿಡಿದುಕೋ" ಎಂದ ತನ್ನ ತಗ್ಗುದಿಣ್ಣೆಯ ಹಿಂದಿಯಲ್ಲಿ. ದಾಜು ಎಂದರೆ ಅವರಲ್ಲಿ ಅಣ್ಣ. ನಾನು ಬೆನ್ನ ಮೇಲಿಂದಲೇ 'ಓ' ಅಂದುಬಿಟ್ಟೆ.