ಕೋರಂಗೆ ಬೇಕಾದ ಇಪ್ಪತ್ತೆರಡು ಸಹಿ

ಹರಿಹರ
ಶುಕ್ರವಾರ, 18 ಜುಲೈ 2025

ಪ್ರೀತಿಯ ಅಣ್ಣಾ,

ಹೇಗಿದ್ದೀಯ? ಹೊಟ್ಟೆ ಉರಿ ಕಡಿಮೆಯಾಯಿತಾ? ಧರಣಿ ಎಂದರೆ ಊಟ ಬಿಟ್ಟು ದಿನಕ್ಕೆ ಹತ್ತು ಲೋಟ ಚಹಾ ಕುಡಿಯುವುದು ಎಂದು ನೀನು ತಿಳಿದುಕೊಂಡಿರುವುದು ನನಗೆ ಗೊತ್ತು. ಅವ್ವನಿಗೂ ಗೊತ್ತು, ಅದಕ್ಕೇ ಜೀರಿಗೆ ಪುಡಿಯ ಡಬ್ಬಿ ಕಳಿಸಿದ್ದಾಳೆ, ಮಜ್ಜಿಗೆಗೆ ಹಾಕಿಕೊಂಡು ಕುಡಿಯಬೇಕಂತೆ. ಬೆಂಗಳೂರಿನ ಪಾರ್ಕಿನ ಮುಂದೆ ಮಜ್ಜಿಗೆ ಎಲ್ಲಿ ಸಿಗುತ್ತದೆ ಎಂದು ಅವಳು ಯೋಚಿಸಿಲ್ಲ, ನೀನೇ ಹುಡುಕಿಕೋ. ಅವಳ ಮೊಣಕಾಲು ನೋವು ಇದ್ದಂಗೇ ಇದೆ. ಮೊನ್ನೆ ಮಂಗಳವಾರ ಇಬ್ಬರೂ ದಾವಣಗೆರೆಗೆ ಬಸ್ಸು ಹತ್ತಿ ಶಾಮನೂರಿನ ನಿಮ್ಮ ಮನೆಗೆ ಹೋಗಿದ್ದೆವು. ಅತ್ತಿಗೆ, ಮಕ್ಕಳು ಆರಾಮ ಇದ್ದಾರೆ. ಸಣ್ಣವನು ನೀನು ಟಿವಿಯಲ್ಲಿ ಬರುತ್ತೀಯ ಎಂದು ಎರಡು ವಾರದಿಂದ ಸುದ್ದಿ ಚಾನೆಲ್ ಬಿಟ್ಟು ಏಳುತ್ತಿಲ್ಲವಂತೆ. ಇನ್ನೂ ಬಂದಿಲ್ಲ.

ಫೋನ್ ಇರುವಾಗ ಕಾಗದ ಯಾಕೆ ಎಂದು ಕೇಳುತ್ತೀಯ. ಬುಧವಾರದಿಂದ ಒಂಬತ್ತು ಸಲ ಫೋನ್ ಮಾಡಿದ್ದೇನೆ. ಮೂರು ಸಲ ಎತ್ತಿದೆ. ಮೂರೂ ಸಲ “ಮೀಟಿಂಗ್‌ನಾಗಿದೀನಿ ಸುಷ್ಮಾ, ಆಮ್ಯಾಲೆ ಮಾಡ್ತೀನಿ” ಅಂದೆ, ಮಾಡಲಿಲ್ಲ. ಕಾಗದಕ್ಕೆ ಒಂದು ಅನುಕೂಲ ಇದೆ, ಮಧ್ಯದಲ್ಲಿ ನೀನು ಬಾಯಿ ಹಾಕಲಾರೆ. ನಾಳೆ ಬೆಳಗಿನ ರೈಲಿಗೆ ಹುಜೈಫಾ ಬೆಂಗಳೂರಿಗೆ ಹೊರಟಿದ್ದಾನೆ, ಅವನ ಕೈಯಲ್ಲಿ ಕೊಟ್ಟು ಕಳಿಸುತ್ತೇನೆ. ಅವನು ನುಜತ್ ತಮ್ಮ. ನುಜತ್ ಯಾರೆಂದು ಮರೆತಿದ್ದರೆ ನೆನಪಿಸುತ್ತೇನೆ: ನಮ್ಮ ಸಸ್ಯಶಾಸ್ತ್ರ ವಿಭಾಗದಲ್ಲಿ ನನ್ನ ಹಾಗೆಯೇ ಅತಿಥಿ ಉಪನ್ಯಾಸಕಿ, ಕಳೆದ ರಂಜಾನಿಗೆ ನೀನು ಎರಡೆರಡು ಸಲ ಹಾಕಿಸಿಕೊಂಡು ಕುಡಿದ ಸುರಕುಂಬಾ ಅವಳ ಮನೆಯದು.

ಮೊದಲೇ ಹೇಳಿಬಿಡುತ್ತೇನೆ, ನೀವು ಹಿಡಿದು ಕೂತಿರುವ ಬೇಡಿಕೆಯ ಮೇಲೆ ನನಗೆ ಸಿಟ್ಟಿಲ್ಲ. ಹರಿದ್ರಾ ವಿಶ್ವವಿದ್ಯಾಲಯವನ್ನು ಸರ್ಕಾರವೇ ಸಾಕಬೇಕು ಎಂದು ನನಗೆ ಯಾರೂ ಪಾಠ ಹೇಳಬೇಕಿಲ್ಲ. ಗುತ್ತೂರು ದಾಟಿ ಬಸ್ಸಿಳಿದು ನಮ್ಮ ವಿಭಾಗಕ್ಕೆ ಬಂದರೆ ಆರು ಹುದ್ದೆಯಲ್ಲಿ ಐದು ಖಾಲಿ. ಇರುವ ಒಬ್ಬರೇ ಕಾಯಂ ಅಧ್ಯಾಪಕರು ಮೆಹರ್ ಬಾನು ಮೇಡಂ, ಅವರೂ ಬರುವ ವರ್ಷ ನಿವೃತ್ತರಾಗುತ್ತಾರೆ. ಹನ್ನೆರಡು ಮೈಕ್ರೋಸ್ಕೋಪಿನಲ್ಲಿ ನಾಲ್ಕರಲ್ಲಿ ಮಾತ್ರ ಏನಾದರೂ ಕಾಣುತ್ತದೆ. ಈರುಳ್ಳಿ ಬೇರಿನ ಪ್ರಯೋಗಕ್ಕೆ ಈರುಳ್ಳಿಯನ್ನು ನಾನೇ ಮನೆಯಿಂದ ಒಯ್ಯುತ್ತೇನೆ. ನಾಲ್ಕು ದಿನ ಮುಂಚೆ ನೀರಿನ ಲೋಟದ ಮೇಲೆ ಕೂರಿಸಿ ಬೇರು ಬಿಡಿಸುವಾಗ, ಅಡುಗೆಮನೆಯ ಲೋಟವೆಲ್ಲ ನಿನ್ನ ಕಾಲೇಜಿಗೇ ಆಯಿತು ಎಂದು ಅವ್ವ ಗೊಣಗುತ್ತಾಳೆ. ಈಗ ಸರ್ಕಾರ ಹುದ್ದೆ ತುಂಬುವುದು ಬಿಟ್ಟು, ಇಂಥ ವಿಭಾಗಗಳನ್ನು ಸೆಲ್ಫ್ ಫೈನಾನ್ಸ್ ಮಾಡಿ, ಖರ್ಚನ್ನೆಲ್ಲ ವಿದ್ಯಾರ್ಥಿಗಳ ಫೀಸಿನಲ್ಲೇ ಎತ್ತಿ ಎನ್ನುತ್ತಿದೆ. ಕುಕ್ಕುವಾಡದಿಂದ ಎರಡು ಬಸ್ಸು ಬದಲಿಸಿ ಬರುವ ಹುಡುಗಿಯರು ಮೂರು ಪಟ್ಟು ಫೀಸು ಎಲ್ಲಿಂದ ಕಟ್ಟುತ್ತಾರೆ? ಓದು ಬಿಟ್ಟು ಮನೆಯಲ್ಲಿ ಕೂರುತ್ತಾರೆ, ಅಷ್ಟೇ. ಇದೆಲ್ಲ ಗೊತ್ತಿದ್ದೇ ನೀನು ಧರಣಿಗೆ ಹೊರಟ ದಿನ ನಾನೇ ಬ್ಯಾನರ್ ಮಡಚಿ ನಿನ್ನ ಬ್ಯಾಗಿಗೆ ಇಟ್ಟೆ.

ನನ್ನ ಸಿಟ್ಟು ಭಾನುವಾರದ್ದು. ಆ ದಿನದ ಸರ್ವಸದಸ್ಯರ ಸಭೆಯನ್ನು ನೀನು ಫೋನಿನಲ್ಲಿ ನಡೆಸಿದೆಯೇ ಹೊರತು ಕಣ್ಣಿನಿಂದ ನೋಡಿಲ್ಲ, ಆದ್ದರಿಂದ ಕೇಳು. ನೀನು ಕಾರ್ಯದರ್ಶಿಯಾಗಿರುವ ಅಧ್ಯಾಪಕರ ಸಂಘದ ಸದಸ್ಯರು ನೂರಾ ನಲವತ್ತೆರಡು, ಎಲ್ಲರೂ ಕಾಯಂ. ಠರಾವು ಪಾಸಾಗಬೇಕಾದರೆ ಮೂರರಲ್ಲಿ ಒಂದು ಪಾಲು, ಅಂದರೆ ನಲವತ್ತೆಂಟು ಜನ ಹಾಜರಿದ್ದು ಕೋರಂ ಆಗಬೇಕು. ಸರ್ಕಾರವೇ ಅನುದಾನ ಕೊಡಲಿ, ಖಾಲಿ ಹುದ್ದೆ ತುಂಬಲಿ ಎಂಬ ಆ ಠರಾವನ್ನು ಸೋಮವಾರ ಬೆಳಗ್ಗೆ ನೀವು ಮಂತ್ರಿಗಳ ಕೈಗೆ ಕೊಡಬೇಕಿತ್ತು. ಹನ್ನೊಂದು ಗಂಟೆಗೆ ಕರೆದ ಸಭೆಗೆ ಹನ್ನೆರಡಾದರೂ ಬಂದವರು ಇಪ್ಪತ್ತೊಂಬತ್ತು. ಬೆಂಗಳೂರಿನಲ್ಲಿರುವ ನಿಮ್ಮ ಐದು ಜನರನ್ನು ಬಿಟ್ಟರೂ ಇನ್ನು ನೂರಾ ಎಂಟು ಕಾಯಂ ಅಧ್ಯಾಪಕರು ಎಲ್ಲಿ ಹೋಗಿದ್ದರು? ಹಿಂದಿನ ದಿನ ಸಂಘದ ವಾಟ್ಸಾಪ್ ಗುಂಪಿನಲ್ಲಿ ಹೋರಾಟಕ್ಕೆ ಜಯವಾಗಲಿ ಎಂದು ಹಾಕಿದವರನ್ನು ಮೆಹರ್ ಬಾನು ಮೇಡಂ ನನಗೆ ತೋರಿಸಿದರು, ಎಣಿಸುತ್ತಾ ಬೆರಳು ಸೋತಿತು. ಒಬ್ಬರಿಗೆ ನೆಂಟರ ಗೃಹಪ್ರವೇಶ, ಒಬ್ಬರಿಗೆ ಮಗಳ ಟ್ಯೂಷನ್, ಇನ್ನೊಬ್ಬರು ಭಾನುವಾರ ಒಂದು ದಿನವಾದರೂ ಮನೆಯಲ್ಲಿ ಇರಬಾರದಾ ಎಂದು ಅಧ್ಯಕ್ಷ ಮಾಲತೇಶಪ್ಪನವರನ್ನೇ ತಿರುಗಿಸಿ ಕೇಳಿದರಂತೆ. ಸಂಬಳ ನಿಂತರೆ ಮೊದಲು ನಿನ್ನ ಮನೆ ಬಾಗಿಲು ಬಡಿಯುವವರು ಇವರೇ.

ಕುರ್ಚಿ ಹಾಕಿದವರು, ಬ್ಯಾನರ್ ಕಟ್ಟಿದವರು, ಮೈಕ್ ತಂದವರು, ದಾವಣಗೆರೆಯಿಂದ ಮಂಡಕ್ಕಿ ಮೆಣಸಿನಕಾಯಿ ತರಿಸಿ ಪೇಪರಿನಲ್ಲಿ ಹಂಚಿದವರು ನಾವು ಇಪ್ಪತ್ತೆರಡು ಅತಿಥಿ ಉಪನ್ಯಾಸಕರು. ಮಾಲತೇಶಪ್ಪನವರು ಗಡಿಯಾರ ನೋಡುವುದು, ಬಾಗಿಲು ನೋಡುವುದು ಮಾಡುತ್ತಿದ್ದಾಗ ನಿನ್ನ ಫೋನ್ ಬಂತು. ಅವರಿಗಲ್ಲ, ನನಗೆ. “ಅದ್ರಾಗೇನೈತೆ ಸುಷ್ಮಾ, ನಿಮ್ಮೋರು ಹೆಂಗೂ ಅಲ್ಲೇ ಇದಾರಲ್ಲ, ಹಾಜರಿ ಪುಸ್ತಕದಾಗೆ ಸಹಿ ಹಾಕ್ಸು. ಯಾರು ಕೇಳ್ತಾರೆ.” ನುಜತ್ ಪೆನ್ನು ಹಿಡಿದು ನನ್ನ ಮುಖ ನೋಡಿದಳು. “ಏನೂ ಆಗಲ್ಲ, ನಮ್ಮಣ್ಣ ಹೇಳಿದಾನೆ, ಹಾಕು” ಎಂದವಳು ನಾನು. ಇಪ್ಪತ್ತೆರಡೂ ಸಹಿ ಬಿದ್ದವು, ಐವತ್ತೊಂದು ಆಯಿತು, ಎಲ್ಲರೂ ಉಸಿರು ಬಿಟ್ಟರು. ಆಮೇಲೆ ಠರಾವು ಓದಿ ಒಪ್ಪುವವರು ಕೈ ಎತ್ತಿ ಎಂದಾಗ ನಾವೂ ಎತ್ತಿದೆವು. ಮಾಲತೇಶಪ್ಪನವರು ಗಂಟಲು ಸರಿಮಾಡಿಕೊಂಡು, “ಅತಿಥಿಗಳು ಕೈ ಎತ್ತಬ್ಯಾಡ್ರಿ, ಓಟು ಸದಸ್ಯರಿಗೆ ಮಾತ್ರ” ಎಂದರು. ಹತ್ತು ನಿಮಿಷದ ಹಿಂದೆ ಅದೇ ಪುಸ್ತಕದಲ್ಲಿ ಸದಸ್ಯರೆಂದು ಸಹಿ ಹಾಕಿಸಿಕೊಂಡವರ ಎದುರಿಗೇ ಹೇಳಿದರು, ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ನಾನು ಕೈ ಇಳಿಸಿದೆ. ಅಷ್ಟು ನಾಚಿಕೆ ನನಗೆ ಯಾವತ್ತೂ ಆಗಿರಲಿಲ್ಲ, ಅಣ್ಣಾ. ಅಲ್ಲಿಂದ ಎದ್ದು ಹೋಗಬೇಕಿತ್ತು. ಎದ್ದವಳು ಖಾಲಿ ಚಹಾ ಲೋಟ ಎತ್ತಿಟ್ಟೆ.

ಠರಾವಿನ ಜೊತೆ ಹಾಜರಿ ಪಟ್ಟಿಯನ್ನೂ ಕಳಿಸಿದ ಜಾಣರು ಯಾರೋ ತಿಳಿಯದು. ಮಂಗಳವಾರದ ಹೊತ್ತಿಗೆ ಅದು ಮಂತ್ರಿಗಳ ಕಚೇರಿಯಿಂದ ಕುಲಸಚಿವರ ಮೇಜಿಗೆ ವಾಪಸು ಬಂದಿತ್ತು, ಹೆಸರುಗಳ ಪಕ್ಕ ಕೆಂಪು ಗೆರೆ ಎಳೆದು. ಕೋರಂ ಸುಳ್ಳು, ಆದ್ದರಿಂದ ಠರಾವೇ ಇಲ್ಲ ಎಂದು ಸಂಘಕ್ಕೆ ಎರಡು ಸಾಲಿನ ಪತ್ರ. ನಮಗೆ ಬುಧವಾರ ನೋಟೀಸು: ಸದಸ್ಯರಲ್ಲದವರು ಸದಸ್ಯರೆಂದು ಸಹಿ ಮಾಡಿದ್ದಕ್ಕೆ ಸೋಮವಾರ ಸಂಜೆಯೊಳಗೆ ವಿವರಣೆ ಕೊಡಬೇಕು, ಅಲ್ಲಿಯವರೆಗೆ ಇಪ್ಪತ್ತೆರಡು ಜನಕ್ಕೂ ಬರುವ ಸೆಮಿಸ್ಟರಿನ ಪಾಠ ಹಂಚುವುದಿಲ್ಲ. ಪಾಠ ಹಂಚದಿದ್ದರೆ ನಮಗೆ ಕೆಲಸವೇ ಇಲ್ಲ ಎಂದು ನಿನಗೆ ಬಿಡಿಸಿ ಹೇಳಬೇಕಾಗಿಲ್ಲ. ಸಭೆಗೆ ಬಾರದ ನೂರಾ ಎಂಟು ಜನಕ್ಕೆ ಒಂದು ಚೀಟಿಯೂ ಬಂದಿಲ್ಲ. ಮನೆಯಲ್ಲಿ ಕೂತವರು ಕ್ಷೇಮ, ಬಂದು ಕುರ್ಚಿ ಹಾಕಿದವರಿಗೆ ನೋಟೀಸು. ನುಜತ್ ಅದನ್ನು ಓದಿ ಮಡಚಿ ಪುಸ್ತಕದೊಳಗೆ ಇಟ್ಟು, “ಅಕ್ಕಾ, ನೀವು ಹೇಳಿದ್ರಿ ಅಂತ ಹಾಕಿದ್ದು” ಎಂದಳು. ಬೈಯಲಿಲ್ಲ. ಅವಳ ಅಪ್ಪ ಹೋದ ಮೇಲೆ ಆ ಮನೆ ನಡೆಯುತ್ತಿರುವುದು ಅವಳಿಂದ. ಬೈದಿದ್ದರೆ ಚೆನ್ನಾಗಿತ್ತು.

ಇಷ್ಟಾದರೂ ನಿನ್ನನ್ನು ನಂಬಿಕೊಂಡೇ ಇದ್ದೆ. ನಮ್ಮ ಪರವಾಗಿ ಸಂಘ ಏನಾದರೂ ಬರೆಯುತ್ತದೆ, ಕಾರ್ಯದರ್ಶಿ ನನ್ನ ಅಣ್ಣ ಎಂದು ನುಜತ್‌ಗೂ ಹೇಳಿದೆ. ನಿನ್ನೆ ಮಧ್ಯಾಹ್ನ ಸಂಘ ಕುಲಸಚಿವರಿಗೆ ಬರೆದದ್ದರ ಪ್ರತಿ ಕೈಗೆ ಬಂತು. ‘ಸದರಿ ಅತಿಥಿ ಉಪನ್ಯಾಸಕರು ತಿಳಿವಳಿಕೆಯ ಕೊರತೆಯಿಂದ ತಾವಾಗಿಯೇ ಸಹಿ ಮಾಡಿರುತ್ತಾರೆ. ಇದಕ್ಕೂ ಸಂಘಕ್ಕೂ ಯಾವುದೇ ಸಂಬಂಧವಿರುವುದಿಲ್ಲ.’ ಕೆಳಗೆ, ಪ್ರಧಾನ ಕಾರ್ಯದರ್ಶಿ, ಡಾ. ಸಿದ್ದೇಶ್. ಬೆಂಗಳೂರಿನಿಂದ ಸ್ಕ್ಯಾನ್ ಮಾಡಿ ಕಳಿಸಿದ ನಿನ್ನ ಸಹಿ, ಆ ಉದ್ದ ಬಾಲದ್ದು. ನನ್ನ ಫೋನ್ ಎತ್ತಲು ಪುರುಸೊತ್ತಿಲ್ಲದವನಿಗೆ ಇದಕ್ಕೆ ಪುರುಸೊತ್ತು ಇತ್ತು. ತಿಳಿವಳಿಕೆಯ ಕೊರತೆಯಂತೆ. ನಿನ್ನ ಪಿಎಚ್‌ಡಿ ಪ್ರಬಂಧದ ನಾನೂರು ಪುಟ ಟೈಪ್ ಮಾಡಿ ತಪ್ಪು ತಿದ್ದಿಕೊಟ್ಟವಳ ತಿಳಿವಳಿಕೆಯ ಬಗ್ಗೆ ನೀನು ಹೀಗೆ ಬರೆಯಬಾರದಿತ್ತು. ಒಂದು ಕೊರತೆ ಇದ್ದದ್ದು ನಿಜ, ನಿನ್ನನ್ನು ತಿಳಿದುಕೊಳ್ಳುವುದರಲ್ಲಿ.

ನಿನಗೆ ಕೆಲಸ ಸಿಕ್ಕಿದ್ದು 2009ರಲ್ಲಿ. ಅದೇ ಕೊನೆಯ ನೇಮಕ. ನಾನು ಓದು ಮುಗಿಸಿ ಬರುವ ಹೊತ್ತಿಗೆ ಬಾಗಿಲು ಹಾಕಿಯಾಗಿತ್ತು, ಹನ್ನೊಂದು ವರ್ಷದಿಂದ ಪ್ರತಿ ಸೆಮಿಸ್ಟರಿಗೆ ಹೊಸದಾಗಿ ಅರ್ಜಿ ಹಾಕಿ ಅದೇ ಪಾಠ ಮಾಡುತ್ತಿದ್ದೇನೆ. ಇದಕ್ಕೆ ನಿನ್ನನ್ನು ದೂರಿಲ್ಲ. ಅನುದಾನ ನಿಂತರೆ ಮೊದಲು ಬೀದಿಗೆ ಬೀಳುವವರು ನಾವು, ನಮ್ಮನ್ನೂ ಸಂಘಕ್ಕೆ ಸೇರಿಸಿಕೊಳ್ಳಿ ಎಂದು ಮೂರು ಸಲ ಕೇಳಿದೆ. ಮೂರು ಸಲವೂ ಒಂದೇ ಉತ್ತರ: “ಮೊದ್ಲು ಅನುದಾನದ್ದು ಮುಗೀಲಿ, ನಿಮ್ ಮೆಂಬರ್‌ಶಿಪ್ಪು ಆಮ್ಯಾಲೆ ನೋಡಾನ.” ಸರ್ಕಾರ ನಮ್ಮಿಂದ ದುಡಿಸಿಕೊಳ್ಳುತ್ತದೆ, ಲೆಕ್ಕಕ್ಕೆ ಹಿಡಿಯುವುದಿಲ್ಲ ಎಂದು ನೀನು ಮೈಕ್ ಹಿಡಿದು ಹೇಳುತ್ತೀಯಲ್ಲ, ಭಾನುವಾರ ನೀವು ಮಾಡಿದ್ದು ಅದಕ್ಕಿಂತ ಏನು ಬೇರೆ? ಸರ್ಕಾರವಾದರೂ ತಿಂಗಳು ತಡವಾಗಿ ಅಷ್ಟೋ ಇಷ್ಟೋ ಕೊಡುತ್ತದೆ. ಬರುವ ಜನರನ್ನು ಹೊರಗಿಟ್ಟು, ಬಾರದ ಜನರನ್ನು ಎಣಿಸಿಕೊಂಡು ಕೂತ ಸಂಘದ ಠರಾವನ್ನು ಯಾವ ಮಂತ್ರಿ ಓದುತ್ತಾನೆ, ಹೇಳು.

ಪಕ್ಕದಲ್ಲೇ ಕೂತಿರುವ ಅವ್ವ “ಅಣ್ಣಗೆ ಅಷ್ಟು ಬಿರುಸು ಬರೀಬ್ಯಾಡ, ಹೊರಗೈದಾನೆ, ಉಂಡಾನೋ ಇಲ್ಲೋ” ಎನ್ನುತ್ತಿದ್ದಾಳೆ. ಬಿರುಸಾಗಿ ಬರೆದಿದ್ದನ್ನು ಅವಳಿಗೆ ಓದಿ ಹೇಳಿಲ್ಲ. ನಿನಗೆ ಅವಳ ಆಶೀರ್ವಾದ. ಮಳೆ ಬರುತ್ತಿದ್ದರೆ ಆ ಶಾಮಿಯಾನದ ಕೆಳಗೆ ಮಲಗಬೇಡ, ನಿನಗೆ ಬೇಗ ಎದೆ ಕಟ್ಟುತ್ತದೆ. ನಿನ್ನ ಜೊತೆ ಕೂತಿರುವ ನಾಲ್ವರಿಗೂ ನನ್ನ ನಮಸ್ಕಾರ ತಿಳಿಸು.

ನಿನ್ನ ತಂಗಿ,
ಸುಷ್ಮಾ

ತಾ.ಕ.: ಹುಜೈಫಾ ಬಾಗಿಲಲ್ಲಿ ನಿಂತಿದ್ದಾನೆ, ಮುಖ್ಯವಾದದ್ದೇ ಉಳಿಯಿತು. ಲಕೋಟೆಯಲ್ಲಿ ಇನ್ನೆರಡು ಹಾಳೆ ಇವೆ. ಸಂಘದ ನಿಯಮಾವಳಿಯನ್ನು ಮೆಹರ್ ಬಾನು ಮೇಡಂ ತಂದುಕೊಟ್ಟರು, ನಿನ್ನೆ ಪೂರ್ತಿ ಓದಿದೆ. ವಿಶ್ವವಿದ್ಯಾಲಯದಲ್ಲಿ ಪಾಠ ಮಾಡುವ ಯಾರನ್ನಾದರೂ ಇಬ್ಬರು ಸದಸ್ಯರು ಸಹಿ ಮಾಡಿ ಸೇರಿಸಿಕೊಳ್ಳಬಹುದು ಎಂದಿದೆ, ಕಾಯಂ ಆಗಿರಬೇಕೆಂದು ಎಲ್ಲೂ ಇಲ್ಲ. ಇಷ್ಟು ವರ್ಷ ನೀನಾಗಲಿ ನಾನಾಗಲಿ ಅದನ್ನು ತೆರೆದು ನೋಡಿರಲಿಲ್ಲ. ಮೊದಲ ಹಾಳೆ ನಮ್ಮ ಇಪ್ಪತ್ತೆರಡು ಜನರ ಸದಸ್ಯತ್ವದ ಅರ್ಜಿ. ಅನುಮೋದಕರ ಜಾಗದಲ್ಲಿ ಮೇಡಂ ಸಹಿ ಇದೆ, ಸೂಚಕರ ಜಾಗ ಖಾಲಿ ಇದೆ. ಎರಡನೆಯದು ಕುಲಸಚಿವರಿಗೆ ನಾನು ಕೊಡುವ ವಿವರಣೆಯ ಪ್ರತಿ, ಅದರಲ್ಲಿ ಒಂದು ಸಾಲು ಖಾಲಿ ಬಿಟ್ಟಿದ್ದೇನೆ. ಹುಜೈಫಾ ಭಾನುವಾರ ಸಂಜೆ ವಾಪಸು ಬರುತ್ತಾನೆ. ಅರ್ಜಿಯಲ್ಲಿ ನಿನ್ನ ಸಹಿ ಬಂದರೆ ಆ ಸಾಲಿನಲ್ಲಿ ‘ನಮ್ಮ ಸಂಘ ಹೇಳಿದ್ದಕ್ಕೆ ಸಹಿ ಮಾಡಿದೆವು’ ಎಂದು ಬರೆಯುತ್ತೇನೆ, ಏನು ಬಂದರೂ ನಿಮ್ಮ ಜೊತೆ ನಿಂತು ಅನುಭವಿಸುತ್ತೇವೆ. ಬಾರದಿದ್ದರೆ ‘ನನ್ನ ಅಣ್ಣ ಡಾ. ಸಿದ್ದೇಶ್ ಹೇಳಿದ್ದಕ್ಕೆ’ ಎಂದು ಬರೆದು, ಭಾನುವಾರ ನಿನ್ನ ಕರೆ ಬಂದ ಹೊತ್ತನ್ನೂ ಹಾಕುತ್ತೇನೆ. ಎರಡರಲ್ಲಿ ಯಾವುದನ್ನು ಬರೆದರೂ ಸುಳ್ಳಲ್ಲ. ಮೊದಲನೆಯದನ್ನು ಬರೆಯುವ ಆಸೆ ಮಾತ್ರ ಇನ್ನೂ ಇದೆ.