ಮುಂದಿನ ಚಕ್ರದ ಗಾಳಿ

ಮಾರ್ಚ್ 3, ಬೆಳಿಗ್ಗೆ 6.10

ಇವತ್ತೂ ಹಾಲು ಕಾಯಲು ಇಡುವ ಮೊದಲು ಸೈಕಲ್ಲಿನ ಮುಂದಿನ ಟೈರನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದೆ. ಗಟ್ಟಿ ಇದೆ. ಮತ್ತೊಮ್ಮೆ ಒತ್ತಿದೆ. ಕಣ್ಣಿಗೆ ನಿದ್ದೆ ಹತ್ತಿ ನಾಲ್ಕು ದಿನ ಆಯಿತು.

ಎರಡು ವಾರದ ಹಿಂದೆ ಇವರು ವೀಡಿಯೋ ನೋಡಿಕೊಂಡು ಎರಡೂ ಚಕ್ರದ ಟ್ಯೂಬ್ ಕಿತ್ತು ಬಿಸಾಕಿದರು. ಈಗ ಟ್ಯೂಬ್‌ಲೆಸ್. ಹ್ಯಾಂಡಲ್ಲಿನ ಹಿಂದೆ ಮಗುವಿನ ಸೀಟು. ಕೆಲಸಕ್ಕೆ ಹೋಗುವಾಗ ಪುಟ್ಟಿಯನ್ನು ಇಳಿಜಾರಿನ ಕೆಳಗಿರುವ ಬೇಬಿ ಸಿಟ್ಟಿಂಗಿಗೆ ಬಿಡುವುದು ಇವರೇ. ಎರಡು ವರ್ಷದ ಮಗು.

"ಟ್ಯೂಬೇ ಇಲ್ಲ ಅಂದ್ಮೇಲೆ ಪಂಕ್ಚರ್ ಎಲ್ಲಿಂದ ಬರುತ್ತೆ? ಸುಮ್ನೆ ತಲೆ ತಿನ್ಬೇಡ."

ನಗುತ್ತಲೇ ಹೇಳಿದರು. ನನ್ನ ಮೊಣಕೈ ತಿರುಚುತ್ತ.

ಮಾರ್ಚ್ 5, ಮಧ್ಯಾಹ್ನ

ಇವರಿಗೆ ರಜೆ, ಮಲಗಿದ್ದರು. ಪುಟ್ಟಿಯನ್ನು ಸೊಂಟಕ್ಕೇರಿಸಿ ಸೈಕಲ್ ತಳ್ಳಿಕೊಂಡು ಮೂಲೆಯ ರಿಪೇರಿ ಅಂಗಡಿಗೆ ಹೋದೆ. ಅಂಗಡಿಯವರಿಗೆ ಅರವತ್ತು ದಾಟಿದೆ, ಬೀದಿಗೆಲ್ಲ ದೊಡ್ಡಪ್ಪ. ಚಕ್ರ ತಿರುಗಿಸಿ ರಿಮ್ಮಿನ ಅಂಚಿಗೆ ಉಗುರು ಕೊಟ್ಟು ನೋಡಿದರು.

"ಒಳಗೆ ಹಾಲಿನ ಥರ ಒಂದು ದ್ರವ ಇರುತ್ತೆ ಕಣಮ್ಮಾ. ಮುಳ್ಳು ಚುಚ್ಚಿದ್ರೆ ಅಲ್ಲಿಗೆ ಬಂದು ಹೆಪ್ಪುಗಟ್ಟುತ್ತೆ. ಒಳ್ಳೇ ಮಾಲು, ನಾನೇ ಎಷ್ಟೋ ಜನಕ್ಕೆ ಹಾಕ್ಕೊಟ್ಟಿದ್ದೀನಿ. ಆದ್ರೆ ಈ ರಿಮ್ಮು ಟ್ಯೂಬಿಂದು. ಬರೀ ಟೇಪ್ ಸುತ್ತಿದ್ದಾರೆ. ಟೈರ್ ಕಚ್ಕೊಳ್ಳೋಕೆ ಜಾಗಾನೇ ಇಲ್ಲ. ಗಾಳಿ ಗಟ್ಟಿ ಇರೋವರೆಗೂ ಕೂತಿರುತ್ತೆ. ಸ್ವಲ್ಪ ಇಳಿದಾಗ ತಿರುವಲ್ಲಿ ವಾಲಿಸಿದ್ರೆ ಮುಗೀತು, ರಿಮ್ ಬಿಟ್ಟು ಹಾರುತ್ತೆ."

"ಒಳಗೊಂದು ಟ್ಯೂಬ್ ಹಾಕಿಬಿಡಿ ದೊಡ್ಡಪ್ಪಾ."

"ಯಜಮಾನ್ರಿಗೆ ಹೇಳಿದ್ದೀಯಾ?"

ಸೆರಗೆಳೆದು ತೋಳು ಮುಚ್ಚಲು ಹೋದೆ. ಮೊಣಕೈ ಕಪ್ಪಾಗಿದ್ದನ್ನು ನೋಡಿದರು. "ಮೊದ್ಲು ಹೇಳು ತಾಯಿ. ಆಮೇಲೆ ನನ್ನ ಅಂಗಡಿ ಮುಂದೆ ಗಲಾಟೆ ಬೇಡ."

ಸಂಜೆ 7

ಹೇಳಿದೆ.

"ಫ್ಯಾಕ್ಟರೀಲಿ ಇಪ್ಪತ್ತು ಮಷಿನ್ ನೋಡ್ಕೊಳ್ಳೋನು ನಾನು. ಆ ಗ್ರೀಸ್ ಮುದುಕ ನನಗೆ ಪಾಠ ಹೇಳ್ಕೊಡ್ತಾನಾ? ನನ್ನ ಮರ್ಯಾದೇನ ಬೀದೀಲಿ ತಳ್ಕೊಂಡು ಹೋಗಿದ್ದೀಯ."

ಕೈಯಲ್ಲಿ ಗಾಳಿ ಪಂಪಿತ್ತು. ಅದರ ಕಬ್ಬಿಣದ ಬುಡ ಎಡಗಿವಿಗೆ ಬಿತ್ತು. ಎರಡನೆಯದು ಭುಜಕ್ಕೆ. ಮೂರನೆಯದಕ್ಕೆ ಬಾಗಿದೆ, ಗೋಡೆಯ ಗಾರೆ ಉದುರಿತು. ಪುಟ್ಟಿ ಮೊದಲು ಚಪ್ಪಾಳೆ ತಟ್ಟಿದಳು — ಆಟ ಅಂದುಕೊಂಡು. ರಕ್ತ ನೋಡಿದ ಮೇಲೆ ಕಿರುಚಿದಳು.

ಮಾರ್ಚ್ 11, ಬೆಳಿಗ್ಗೆ 9

ಕಿವಿಯೊಳಗೆ ಗುಂಯ್ ಎನ್ನುತ್ತದೆ. ತಲೆ ಬಗ್ಗಿಸಿದರೆ ಕೀವು.

ಟೈರ್ ಪೂರ್ತಿ ಕೆಟ್ಟರೆ ಮಗುವನ್ನು ಬಸ್ಸಿನಲ್ಲೇ ಕರೆದೊಯ್ಯಬೇಕಲ್ಲ. ವಾಲ್ವ್ ಬಿಚ್ಚಿದರೆ ಪ್ರಯೋಜನವಿಲ್ಲ, ಮತ್ತೆ ಗಾಳಿ ತುಂಬುತ್ತಾರೆ. ಇವರು ಸ್ನಾನಕ್ಕೆ ಹೋದಾಗ ಮುಂದಿನ ಟೈರಿಗೆ ಸೂಜಿ ಚುಚ್ಚಿದೆ. ಸುಸ್ ಎಂದಿತು. ಬಿಳಿ ಹನಿಯೊಂದು ಬಂತು, ನಿಂತಿತು. ಗೋಣಿ ಹೊಲಿಯುವ ದಬ್ಬಳ ತಂದು ಇನ್ನೈದು ಕಡೆ ಚುಚ್ಚಿದೆ. ಐದೂ ಮುಚ್ಚಿಕೊಂಡವು. ನನ್ನ ಕಿವಿಗಿಂತ ಬೇಗ ವಾಸಿಯಾಯಿತು.

ಮಾರ್ಚ್ 12

ಬಿಳಿ ಚುಕ್ಕೆಗಳು ಇವರ ಕಣ್ಣಿಗೆ ಬಿದ್ದವು. ನನ್ನ ಕತ್ತು ಹಿಡಿದು ಚಕ್ರದ ಹತ್ತಿರ ಬಗ್ಗಿಸಿದರು.

"ಎಣಿಸು. ಆರು ಮುಳ್ಳು. ಏನಾದ್ರೂ ಆಯ್ತಾ? ಹೋಗಿ ಹೇಳು ನಿನ್ನ ದೊಡ್ಡಪ್ಪಂಗೆ."

ಎಣಿಸಿದೆ. ಗಟ್ಟಿಯಾಗಿ.

"ಇನ್ನು ದಿನಾ ಪಂಪ್ ಹೊಡೆಯೋ ರಗಳೇನೂ ಇಲ್ಲ" ಎಂದು ಕತ್ತು ಬಿಟ್ಟರು.

ಮಾರ್ಚ್ 14, ಬೆಳಿಗ್ಗೆ 9

ಡೈರಿ ಮನೆಯಲ್ಲಿ ಉಳಿಯಿತು. ಇದು ದೊಡ್ಡಪ್ಪನ ಬಿಲ್ ಬುಕ್ಕಿನ ಹಾಳೆ. ನಡೆದದ್ದನ್ನು ಕ್ರಮವಾಗಿ ಬರೆಯಬೇಕು.

ಎಂಟೂವರೆಗೆ ಟೈರ್ ಒತ್ತಿದೆ. ಹೆಬ್ಬೆರಳು ಒಳಗೆ ಹೋಯಿತು. ನನ್ನ ಆರು ತೂತುಗಳು ಮುಚ್ಚಿಕೊಳ್ಳುವ ಮೊದಲು ಬಿಟ್ಟ ಗಾಳಿ... ಇವರು ಪಂಪ್ ನಿಲ್ಲಿಸಿದ್ದೂ ಆ ಚುಕ್ಕೆಗಳನ್ನು ನಂಬಿ. ಪೂರ್ತಿ ಇಳಿದಿಲ್ಲ, ಸ್ವಲ್ಪ ಇಳಿದಿದೆ. ಟೈರ್ ಹಾರಲು ಅಷ್ಟು ಸಾಕು. ಮಾಡಿಟ್ಟವಳು ನಾನು.

ಪುಟ್ಟಿ ಆಗಲೇ ಸೀಟಿನಲ್ಲಿದ್ದಳು. ಬೆಲ್ಟ್ ಬಿಗಿದಾಗಿತ್ತು.

"ಗಾಳಿ ಇಳಿದಿದೆ, ಪಂಪ್ ಹೊಡೀರಿ. ಅದು ಮುಳ್ಳಲ್ಲ. ನಾನೇ ಚುಚ್ಚಿದ್ದು."

"ಏನಂದೆ?"

ಕೂದಲು ಹಿಡಿದು ಬಾಗಿಲ ಚೌಕಟ್ಟಿಗೆ ಹೊಡೆದರು. ಒಮ್ಮೆ. ಇನ್ನೊಮ್ಮೆ. ಆಮೇಲೆ ಸೈಕಲ್ ಹೊರಗೆ ತಿರುಗಿಸಿದರು. "ನೋಡ್ತಿರು. ಇವತ್ತು ಇಳಿಜಾರಲ್ಲಿ ಬ್ರೇಕೇ ಹಿಡಿಯಲ್ಲ."

ಅಡುಗೆಮನೆಗೆ ಹೋದದ್ದು ನೆನಪಿಲ್ಲ. ಚಾಕು ಟೈರಿನ ಪಕ್ಕೆಗೆ ಹಿಡಿಯವರೆಗೂ ಇಳಿಯಿತು. ಎಳೆದೆ. ಗೇಣುದ್ದ. ಬಿಳಿ ದ್ರವ ನನ್ನ ಮುಖಕ್ಕೆ, ಅವನ ಪ್ಯಾಂಟಿಗೆ, ಮಗುವಿನ ಕಾಲಿಗೆ ಚಿಮ್ಮಿತು. ಈ ಸಲ ಮುಚ್ಚಿಕೊಳ್ಳಲಿಲ್ಲ. ಅವನು ಕೈಯೆತ್ತಿದ. ಚಾಕು ಇನ್ನೂ ನನ್ನ ಕೈಯಲ್ಲಿತ್ತು. ಅವನ ಅಂಗೈಗೆ ತಗುಲಿತು — ಇಲ್ಲ, ನಾನೇ ತಗುಲಿಸಿದೆ. ಹಾಗೆಯೇ ಬರೆಯಬೇಕು.

ಬೆಲ್ಟ್ ಬಿಚ್ಚಿ ಮಗುವನ್ನೆತ್ತಿಕೊಂಡು ಓಡಿ ಬಂದೆ.

ದೊಡ್ಡಪ್ಪ ನಮ್ಮನ್ನು ಅಂಗಡಿಯೊಳಗೆ ಕೂರಿಸಿದರು. ಪುಟ್ಟಿಯ ಕಾಲು ಒರೆಸಿದರು. ಪೊಲೀಸರಿಗೆ ಫೋನ್ ಮಾಡಿದರು. "ಬರೋವರೆಗೂ ಕೂತ್ಕೊಂಡು ಬರೀತಿರು" ಎಂದರು.

ಬೀದಿಯ ತುದಿಯಲ್ಲಿ ಕಂಡ. ನಡೆದೇ ಬರುತ್ತಿದ್ದಾನೆ. ಅಂಗೈಗೆ ಟವೆಲ್ ಸುತ್ತಿದೆ, ಕೆಂಪಗೆ. ದೊಡ್ಡಪ್ಪ ಶಟರ್ ಎಳೆಯಲು ಎದ್ದರು, ಅದು ಅರ್ಧಕ್ಕೇ ಸಿಕ್ಕಿಕೊಂಡಿದೆ. ಪುಟ್ಟಿ ಅದರಡಿಯಿಂದ ಬಗ್ಗಿ ನೋಡಿ "ಅಪ್ಪಾ" ಎಂದು ಕೈ ಬೀಸಿದಳು. ಅವನೂ ಕೈ ಎತ್ತಿದ. ಬರೆಯುವುದು ನಿಲ್ಲಿಸುತ್ತೇನೆ, ಮಗುವನ್ನು ಒಳಗೆಳೆಯಬೇಕು.